ಮಗಳಿಗೊಂದು ಪತ್ರ: ಆಲಿಸ್ ಅವರ ಟಿಪ್ಪಣಿ

ಪ್ರೀತಿಯ ಪುಟ್ಟಿ,

ಹೋದ ವಾರ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲಿದೆ. "ಅಮ್ಮ, ಇಲ್ಲಿಯವರ ಅಮೆರಿಕನ್ ಫುಟ್‌ಬಾಲ್ ನಂಗೆ ಹಿಡಿಸಲ್ಲ. ಐದು ಸೆಕೆಂಡ್ ಓಡ್ತಾರೆ, ಬೀಳ್ತಾರೆ, ನಿಲ್ತಾರೆ. ಮತ್ತೆ ಮೊದಲಿಂದ" ಅಂದೆ. ಆಟ ಹೀಗೆ ನಿಂತು ನಿಂತು ಯಾಕೆ ಸಾಗುತ್ತದೆ ಅಂತ ನಾನು ಓದುತ್ತಾ ಕೂತೆ. ಆ ಕಥೆ ಶುರುವಾಗಿದ್ದೇ ನೀನು ಓದುತ್ತಿರುವ ನ್ಯೂ ಹೇವನ್‌ನಲ್ಲಿ!

1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ಹುಡುಗರು ಆಡಿದ ಪಂದ್ಯವೇ ಮೊದಲನೆಯದು ಅನ್ನುತ್ತಾರೆ. ಒಂದೊಂದು ಕಡೆ 25 ಜನ. ಚೆಂಡು ಹಿಡಿದು ಓಡುವ ಹಾಗೇ ಇರಲಿಲ್ಲ. ಅದು ನೀನು ನೋಡಿದ ಆಟ ಅಲ್ಲ. ಮುಂದೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ರಗ್ಬಿ ಆಟದ ನಿಯಮ ಬಂತು. ಅದನ್ನು ತಿದ್ದಿ ಈ ಆಟ ಮಾಡಿದವರು ನ್ಯೂ ಹೇವನ್ನಿನದೇ ಕಾಲೇಜಾದ ಯೇಲ್‌ನ ವಾಲ್ಟರ್ ಕ್ಯಾಂಪ್.

ರಗ್ಬಿಯಲ್ಲಿ ಎಲ್ಲರೂ ಗುಂಪುಕಟ್ಟಿ ಚೆಂಡಿಗೆ ಕಿತ್ತಾಡುತ್ತಾರೆ. ಅದು ಯಾರಿಗೆ ಸಿಗುತ್ತದೋ ಹೇಳಲಾಗದು. ಕ್ಯಾಂಪ್ 1880ರಲ್ಲಿ ಒಂದು ಗೆರೆ ತಂದರು. ಚೆಂಡು ಒಂದೇ ತಂಡದ್ದು, ಗೆರೆಯ ಆಚೆ ಅವರು, ಈಚೆ ಇವರು. 15 ಜನರ ಬದಲು 11 ಜನ. ಆದರೆ 1881ರಲ್ಲಿ ಯೇಲ್ ಮತ್ತು ಪ್ರಿನ್ಸ್‌ಟನ್ ಆಡಿದಾಗ ಮೊದಲರ್ಧ ಒಂದು ತಂಡ ಚೆಂಡು ಬಿಡಲೇ ಇಲ್ಲ, ಉಳಿದರ್ಧ ಇನ್ನೊಂದು ತಂಡ ಬಿಡಲಿಲ್ಲ. ಜನಕ್ಕೆ ರೇಗಿಹೋಯಿತು. ಮರುವರ್ಷ ಕ್ಯಾಂಪ್ ಹೇಳಿದರು: ಮೂರು ಸಲ ಪ್ರಯತ್ನಿಸುವುದರೊಳಗೆ ಐದು ಗಜ ಮುಂದೆ ಹೋಗಿ, ಆಗದಿದ್ದರೆ ಚೆಂಡು ಕೊಡಿ. ಅಳೆಯೋದಕ್ಕೆ ಮೈದಾನದ ತುಂಬ ಗೆರೆ ಎಳೆದರು. ಈಗ ನಾಲ್ಕು ಸಲ, ಹತ್ತು ಗಜ. ಒಂದೊಂದು ಪ್ರಯತ್ನ ಮುಗಿದಾಗಲೂ ಆಟ ನಿಲ್ಲುತ್ತದೆ, ನೀನು ನೋಡಿದ ನಿಲುಗಡೆ ಇದೇ.

ಈಗ ನಾನು ಎರಡೆರಡು ಸಲ ಓದಿದ ಭಾಗ ಹೇಳುತ್ತೇನೆ. 1888ರಲ್ಲಿ ಯೇಲ್ ತಂಡದ ಕೋಚ್ ಆಗಿದ್ದ ಕ್ಯಾಂಪ್ ಗಡಿಯಾರದ ಕಂಪನಿಯಲ್ಲಿ ಕೆಲಸಕ್ಕಿದ್ದರು. ಮಧ್ಯಾಹ್ನದ ಅಭ್ಯಾಸಕ್ಕೆ ಹೋಗಲು ಬಿಡುವಿಲ್ಲ. ಅವರ ಬದಲು ಹೆಂಡತಿ ಆಲಿಸ್ ಹೋಗುತ್ತಿದ್ದರು. ಆಗಷ್ಟೇ ಮದುವೆಯಾಗಿತ್ತು. ಮೈದಾನದ ಅಂಚಿನಲ್ಲಿ ನಿಂತು ಯಾರು ಹೇಗೆ ಆಡಿದರು, ಎಲ್ಲಿ ಎಡವಿದರು ಅಂತ ಬರೆದುಕೊಳ್ಳುತ್ತಿದ್ದರು. ಸಂಜೆ ಗಂಡನಿಗೆ ಅದನ್ನೆಲ್ಲ ಹೇಳುತ್ತಿದ್ದರು. ರಾತ್ರಿ ಹುಡುಗರು ಅವರ ಮನೆಗೇ ಬಂದರೆ, ಆ ಟಿಪ್ಪಣಿಯ ಮೇಲೆಯೇ ಮಾತುಕತೆ. ಆ ವರ್ಷ ಯೇಲ್ 13 ಪಂದ್ಯ ಆಡಿ 13ನ್ನೂ ಗೆದ್ದಿತು. ಒಟ್ಟು 698 ಅಂಕ. ಎದುರಾಳಿಗಳಿಗೆ ಸೊನ್ನೆ! ಹೆಣ್ಣುಮಕ್ಕಳಿಗೆ ಯೇಲ್ ಕಾಲೇಜಿನಲ್ಲಿ ಸೀಟೇ ಇಲ್ಲದ ಕಾಲ ಅದು, ಪುಟ್ಟಿ. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಆ ತಂಡದ ಹುಡುಗರೂ ಸಾಮಾನ್ಯರಲ್ಲ. ಅಮೋಸ್ ಅಲೊಂಜೊ ಸ್ಟ್ಯಾಗ್ 1892ರಲ್ಲಿ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಹೋಗಿ ನಾಲ್ಕು ದಶಕ ಆಟ ಕಲಿಸಿದರು. ಪಡ್ಜ್ ಹೆಫಲ್‌ಫಿಂಗರ್ ಅದೇ ವರ್ಷ ಒಂದು ಪಂದ್ಯಕ್ಕೆ 500 ಡಾಲರ್ ಪಡೆದರು. ದುಡ್ಡು ತೆಗೆದುಕೊಂಡು ಆಡಿದ್ದಕ್ಕೆ ದಾಖಲೆ ಇರುವ ಮೊದಲ ಆಟಗಾರ ಅವರೇ.

ಕ್ಯಾಂಪ್ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳಲ್ಲ. ಐದೇ ಗಜ ಸಾಕಾದ್ದರಿಂದ ಎಲ್ಲರೂ ಒಟ್ಟಾಗಿ ನುಗ್ಗಿ ತಳ್ಳುವುದೇ ಆಟವಾಯಿತು. 1905ರಲ್ಲಿ, ಪತ್ರಿಕೆಗಳ ಲೆಕ್ಕದ ಪ್ರಕಾರ, ಸುಮಾರು 18 ಹುಡುಗರು ಸತ್ತರು. ಅಷ್ಟು ತಾಯಂದಿರು. ಅಲ್ಲಿ ನನಗೆ ಮುಂದೆ ಓದಲಾಗದೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕಾಲೇಜಿನವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ಚೆಂಡನ್ನು ಮುಂದಕ್ಕೆ ಎಸೆಯಲು ಬಿಡಿ ಅಂತ ಕೋಚ್ ಜಾನ್ ಹೈಸ್ಮನ್ ಮೊದಲಿಂದ ಕೇಳುತ್ತಲೇ ಇದ್ದರು. ಕ್ಯಾಂಪ್‌ಗೆ ಅದು ಇಷ್ಟವಿರಲಿಲ್ಲ. ಗುಂಪು ಚದುರಲಿ, ಮೈದಾನ ಅಗಲ ಮಾಡೋಣ ಅಂದವರೂ ಇದ್ದರು. ಆದರೆ ಹಾರ್ವರ್ಡ್ ಆಗಲೇ ಕಾಂಕ್ರೀಟಿನ ಕ್ರೀಡಾಂಗಣ ಕಟ್ಟಿಬಿಟ್ಟಿತ್ತು, ಅದನ್ನು ಹಿಗ್ಗಿಸಲಾಗದು. ಕೊನೆಗೆ 1906ರಲ್ಲಿ ಎಸೆತಕ್ಕೆ ಒಪ್ಪಿಗೆ ಸಿಕ್ಕಿತು. ಐದು ಗಜ ಹತ್ತಾಯಿತು.

1925ರಲ್ಲಿ ನಿಯಮ ಸಮಿತಿಯ ಸಭೆಗೆಂದು ನ್ಯೂಯಾರ್ಕ್‌ಗೆ ಹೋಗಿದ್ದಾಗಲೇ, ರಾತ್ರಿ ನಿದ್ದೆಯಲ್ಲಿ ಕ್ಯಾಂಪ್ ತೀರಿಕೊಂಡರು.

ಯೇಲ್ ಬೌಲ್ ಕ್ರೀಡಾಂಗಣದ ಹತ್ತಿರ ಅವರ ಹೆಸರಿನ ಹೆಬ್ಬಾಗಿಲಿದೆಯಂತೆ. ಈ ಶನಿವಾರ ಅಲ್ಲಿ ಆಟವಿದ್ದರೆ ಹೋಗು. ಸ್ವೆಟರ್ ಹಾಕಿಕೋ. ಒಂದು ಪುಟ್ಟ ಪುಸ್ತಕವನ್ನೂ ಇಟ್ಟುಕೊಂಡು ಪ್ರತಿ ಸಲ ಎಷ್ಟು ಗಜ ಹೋದರು, ಯಾರು ಎಡವಿದರು ಅಂತ ಬರೆದುಕೋ. ಸಂಜೆ ಫೋನ್ ಮಾಡಿ ಓದಿ ಹೇಳು. ನನಗಿಲ್ಲಿ ಭಾನುವಾರ ಬೆಳಿಗ್ಗೆ ಆಗಿರುತ್ತದೆ, ಕಾಫಿ ಹಿಡಿದು ಕಾಯುತ್ತಿರುತ್ತೇನೆ.

ನಿನ್ನ ಪ್ರೀತಿಯ
ಅಮ್ಮ