ಜರ್ಮನಿ ಚೆಂದವೋ, ಬೆಂಗಳೂರು ಚೆಂದವೋ: ಮನೆಗೆಲಸದವರನ್ನೂ ಕೇಳಿ

ಮಾನ್ಯ ಸಂಪಾದಕರೇ,

ಮಕ್ಕಳು ವಿದೇಶದಲ್ಲಿರುವ ಬೆಂಗಳೂರಿನ ಮನೆಗಳಲ್ಲಿ ಒಂದು ವಾದ ಮುಗಿಯುವುದೇ ಇಲ್ಲ. ಬದುಕು ಅಲ್ಲಿ ಚೆನ್ನವೋ, ಇಲ್ಲಿ ಚೆನ್ನವೋ? ಒಬ್ಬರು ಯೂರೋವನ್ನು ರೂಪಾಯಿಗೆ ಗುಣಿಸಿ ಮೂಗಿನ ಮೇಲೆ ಬೆರಳಿಡುತ್ತಾರೆ. ಇನ್ನೊಬ್ಬರು ‘ಅಲ್ಲಿ ಪಾತ್ರೆನೂ ನಾವೇ ತೊಳೀಬೇಕು ಸಾರ್’ ಎಂದು ಬಾಯಿ ಮುಚ್ಚಿಸುತ್ತಾರೆ. ಮಗಳು ಮ್ಯೂನಿಕ್‌ನಲ್ಲಿರುವುದರಿಂದ ನಮ್ಮ ಮನೆಯಲ್ಲೂ ಇದು ತಪ್ಪಿದ್ದಲ್ಲ.

ಎರಡೂ ಕಡೆ ನಿಜ ಇದೆ. ವಿಶ್ವಸಂಸ್ಥೆಯ 2025ರ ಮಾನವ ಅಭಿವೃದ್ಧಿ ಪಟ್ಟಿಯಲ್ಲಿ ಜರ್ಮನಿ 5ನೇ ಸ್ಥಾನದಲ್ಲಿದೆ, ನಾವು 130ರಲ್ಲಿ. ಆದರೆ ಅಲ್ಲಿ ಮದುವೆಯಾಗದವರ ಸಂಬಳದಲ್ಲಿ ಮೂರನೇ ಒಂದು ಪಾಲಿಗೂ ಜಾಸ್ತಿ ತೆರಿಗೆ, ವಿಮೆ ಅಂತ ಕೈಗೆ ಬರುವ ಮೊದಲೇ ಹೋಗುತ್ತದೆ. ಚರ್ಮದ ಡಾಕ್ಟರನ್ನು ನೋಡಲು ವಾರಗಟ್ಟಲೆ ಕಾಯಬೇಕು. ಭಾನುವಾರ ಅಂಗಡಿಗಳ ಬಾಗಿಲು ಬಂದ್. ಇಲ್ಲಾದರೆ ಸಂಜೆ ಫೋನ್ ಮಾಡಿದರೆ ರಾತ್ರಿಯೊಳಗೆ ಡಾಕ್ಟರೂ ಸಿಗುತ್ತಾರೆ, ದೋಸೆ ಹಿಟ್ಟೂ ಮನೆಗೆ ಬರುತ್ತದೆ.

ನನ್ನ ತಕರಾರು ಇರುವುದು ಇಲ್ಲೇ. ಈ ‘ಆರಾಮ’ ಯಾರ ದುಡಿಮೆಯಿಂದ ಬರುತ್ತಿದೆ? ನಾವು ಹೋಲಿಸುವುದೆಲ್ಲ ಇಲ್ಲಿನ ಎಂಜಿನಿಯರ್ ಮತ್ತು ಅಲ್ಲಿನ ಎಂಜಿನಿಯರ್. ನೆಲ ಒರೆಸುವವರನ್ನು ಒಮ್ಮೆ ಹೋಲಿಸಿ ನೋಡಿ.

ಜರ್ಮನಿ 2015ರಲ್ಲಿ ದೇಶಕ್ಕೆಲ್ಲ ಒಂದೇ ಕನಿಷ್ಠ ಕೂಲಿ ತಂದಿತು. 2025ರಲ್ಲಿ ಅದು ಗಂಟೆಗೆ 12.82 ಯೂರೋ. ಮನೆ ಒರೆಸುವವರಿಗೂ ಇದು ಅನ್ವಯ. ಅದೇ ವರ್ಷ ತಿಂಗಳಿಗೆ 58 ಯೂರೋ ಕೊಟ್ಟರೆ ಇಡೀ ದೇಶದ ಸಿಟಿ ಬಸ್, ಮೆಟ್ರೊ, ಲೋಕಲ್ ರೈಲುಗಳಲ್ಲಿ ಓಡಾಡಬಹುದಿತ್ತು. ಅಂದರೆ ಐದು ಗಂಟೆ ದುಡಿದರೆ ತಿಂಗಳ ಓಡಾಟದ ದುಡ್ಡು ಹುಟ್ಟುತ್ತದೆ. ಈ ಒಂದು ವಿಷಯದಲ್ಲಿ ಮಾತ್ರ ನಾವೇ ಮುಂದೆ. ನಮ್ಮ ಮನೆಗೆ ಬರುವಾಕೆಗೆ 2023ರ ಜೂನ್‌ನಿಂದ ಬಿಎಂಟಿಸಿ ಬಸ್ ಫ್ರೀ. ಮೊದಲು ಟಿಕೆಟ್ ದುಡ್ಡು ಉಳಿಸಲು ಎರಡು ಸ್ಟಾಪ್ ನಡೆಯುತ್ತಿದ್ದರು, ಈಗ ಮನೆ ಹತ್ತಿರವೇ ಹತ್ತುತ್ತಾರೆ. ದೂರ ಹೋದರೆ ಒಂದು ಸಲಕ್ಕೆ 90 ರೂಪಾಯಿವರೆಗೂ ಕೇಳುವ ಮೆಟ್ರೊ ಮಾತ್ರ ಅವರ ಪಾಲಿಗೆ ತಲೆ ಮೇಲೆ ಓಡುವ ರೈಲು, ಅಷ್ಟೆ.

ಕಾಯಿಲೆ ಬಿದ್ದಾಗ ಫರಕ್ಕು ಗೊತ್ತಾಗುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು ಸಿಗುತ್ತದೆ, ಒಪ್ಪೋಣ. ಜ್ವರ ಬಂದು ಮಲಗಿದ ನಾಲ್ಕು ದಿನದ ಕೂಲಿ? ಅದನ್ನು ಕೊಡುವವರು ಯಾರು? ಜರ್ಮನಿಯಲ್ಲಿ ಕೆಲಸಕ್ಕಿಟ್ಟುಕೊಂಡವರು ಕಾಯಿಲೆಗೆ ಆರು ವಾರದವರೆಗೆ ಸಂಬಳ ಕೊಡಬೇಕು. ವರ್ಷಕ್ಕೆ ಕನಿಷ್ಠ ನಾಲ್ಕು ವಾರ ಸಂಬಳ ಸಹಿತ ರಜೆಯನ್ನೂ ಕೊಡಬೇಕು. ‘ಮಿನಿಜಾಬ್’ ಎಂಬ ಸಣ್ಣ ಸಂಬಳದ ಕೆಲಸಕ್ಕೂ ಇದೇ ಕಾನೂನು. ಇಲ್ಲಿ ಎರಡು ದಿನ ಬರದಿದ್ದರೆ ನಾವು ಮುಖ ಊದಿಸಿಕೊಳ್ಳುತ್ತೇವೆ, ಮೂರನೇ ದಿನ ಬೇರೆಯವರನ್ನು ಹುಡುಕುತ್ತೇವೆ. ಲಿಫ್ಟ್ ಕೂಡ ಎಷ್ಟೋ ಕಡೆ ಅವರಿಗೆ ಬೇರೆ!

ಜರ್ಮನಿಯವರೆಲ್ಲ ಸತ್ಯಹರಿಶ್ಚಂದ್ರರು ಅಂತಲ್ಲ. ಅಲ್ಲೂ ಬಹಳ ಮನೆಗಳಲ್ಲಿ ನೋಂದಣಿ ಮಾಡಿಸದೆ, ಕೈಗೆ ದುಡ್ಡು ಕೊಟ್ಟು ಕೆಲಸ ಮಾಡಿಸಿಕೊಳ್ಳುತ್ತಾರೆ. ಆದರೂ ಕೇಳುವವರಿಗೆ ಒಂದು ಕಾನೂನು, ಒಂದು ಕಚೇರಿ ಇದೆ.

ಕಾನೂನು ನಮಗೆ ಹೊಸದೇನೂ ಅಲ್ಲ. ಮನೆಗೆಲಸಕ್ಕೆ ಕರ್ನಾಟಕ 2004ರಲ್ಲೇ ಕನಿಷ್ಠ ವೇತನ ನಿಗದಿ ಮಾಡಿತ್ತು. ನಮ್ಮ ಬೀದಿಯಲ್ಲಿ ಅದನ್ನು ನೋಡಿಕೊಂಡು ಸಂಬಳ ಕೊಡುವವರು ನನಗಂತೂ ಸಿಕ್ಕಿಲ್ಲ. ‘ಪಕ್ಕದ ಮನೆಯವರು ಎಷ್ಟು ಕೊಡ್ತಾರೆ’ ಎಂಬುದೇ ನಮ್ಮ ಸರ್ಕಾರಿ ಆದೇಶ. 2025ರಲ್ಲಿ ಸರ್ಕಾರ ಮನೆಗೆಲಸದವರ ಸಾಮಾಜಿಕ ಭದ್ರತೆಗೆ ಮಸೂದೆಯ ಕರಡು ಸಿದ್ಧಪಡಿಸಿದೆ. ಸಂಬಳದ ಶೇ 5ರವರೆಗೆ ಕಲ್ಯಾಣ ಶುಲ್ಕವನ್ನು ಕೆಲಸ ಕೊಟ್ಟವರಿಂದ ಪಡೆಯುವ ಮಾತು ಅದರಲ್ಲಿದೆ. ಅದು ಕಡತದಲ್ಲೇ ಕೊಳೆಯದೆ ಬೇಗ ಕಾನೂನಾಗಲಿ. ಕಾಯಿಲೆ ರಜೆ, ವಾರದ ರಜೆ ಎರಡನ್ನೂ ಸ್ಪಷ್ಟವಾಗಿ ಬರೆಯಲಿ. ‘ಇನ್ನೊಂದು ಶುಲ್ಕವಾ’ ಎಂದು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಈಗಲೇ ಗೊಣಗಾಟ ಶುರುವಾಗಿದೆ. ವಾರಕ್ಕೊಮ್ಮೆ ಹೋಟೆಲಿಗೆ ಹೋದರೆ ಇದಕ್ಕಿಂತ ಜಾಸ್ತಿ ಬಿಲ್ ಆಗುತ್ತದಲ್ವಾ? ಕಟ್ಟೋಣ.

– ಓರ್ವ ನಿವೃತ್ತ ಬ್ಯಾಂಕ್ ನೌಕರ, ಬನಶಂಕರಿ, ಬೆಂಗಳೂರು