ಕಾಡಿನ ಬೆಂಕಿಯ ಬಗ್ಗೆ ಪೋಡಿನವರನ್ನೂ ಕೇಳಿ

ಮಾನ್ಯ ಸಂಪಾದಕರೇ,

ಕಾಡ್ಗಿಚ್ಚಿನ ಕುರಿತು ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಬಂದ ಪತ್ರ ಓದಿ ಮನಸ್ಸಿಗೆ ನೋವಾಯಿತು. ಒಳಗಿರುವ ಗಿರಿಜನರನ್ನು ಹೊರಗೆ ಕಳಿಸಿದರೆ ಮಾತ್ರ ಬಿಳಿಗಿರಿರಂಗನ ಬೆಟ್ಟದ ಕಾಡು ಉಳಿದೀತು ಎಂಬುದು ಅದರ ಸಾರ. ಬರೆದವರಿಗೆ ಕಾಡಿನ ಮೇಲಿರುವ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಆ ಮಾತು ಹುಟ್ಟಿದ್ದು ಬ್ರಿಟಿಷರ ಕಚೇರಿಗಳಲ್ಲಿ ಎಂಬುದನ್ನು ಹೇಳಲೇಬೇಕು.

ಯಳಂದೂರು ತಾಲ್ಲೂಕಿನಲ್ಲಿ ಬಹಳ ವರ್ಷ ಮೇಷ್ಟರಾಗಿದ್ದವನು ನಾನು. ಒಮ್ಮೆ ಪೋಡಿನ, ಅಂದರೆ ಈ ಬೆಟ್ಟದ ಗಿರಿಜನರಾದ ಸೋಲಿಗರ ಹಾಡಿಯ, ಹಿರಿಯರೊಬ್ಬರು ನನ್ನನ್ನು ನೆಲ್ಲಿಮರವೊಂದರ ಕೆಳಗೆ ನಿಲ್ಲಿಸಿ ಕೊಂಬೆ ತೋರಿಸಿದರು. ಅರ್ಧ ಎಲೆ ನೆಲ್ಲಿಯದು, ಇನ್ನರ್ಧ ದಪ್ಪನೆಯ ಬೇರೆ ಎಲೆ. "ಇದು ಉಪ್ಪಿಲು, ಮೇಷ್ಟ್ರೇ. ಮರದ ಸಾರವೆಲ್ಲ ಹೀರ್ತದೆ. ಆಗ ತರಗು ಬೆಂಕಿ ಹಾಕ್ತಿದ್ದೋ, ಇಷ್ಟೊಂದು ಇರ್ನಿಲ್ಲ" ಎಂದರು. ಬಂದಳಿಕೆ ಹತ್ತಿದ ಆ ಕೊಂಬೆಯ ತುದಿ ಆಗಲೇ ಒಣಗಿತ್ತು.

ತರಗು ಬೆಂಕಿ ಎಂದರೆ ಬೇಸಿಗೆ ಏರುವ ಮೊದಲೇ, ನೆಲದಲ್ಲಿ ಇನ್ನೂ ಹಸಿ ಇರುವಾಗ, ಉದುರಿದ ಎಲೆ ಮತ್ತು ಒಣಹುಲ್ಲಿಗೆ ಇಡುತ್ತಿದ್ದ ಸಣ್ಣ ಬೆಂಕಿ. ಮರಕ್ಕೆ ಏರದೆ ನೆಲದಲ್ಲೇ ಹರಿದು ಆರುತ್ತಿತ್ತು. ಹೊಸ ಹುಲ್ಲು ಚಿಗುರುತ್ತಿತ್ತು, ಮುಂದೆ ದೊಡ್ಡ ಕಿಚ್ಚಿಗೆ ಉರಿಯಲು ತರಗು ಉಳಿಯುತ್ತಿರಲಿಲ್ಲ. ವಸಾಹತು ಕಾಲದ ಅರಣ್ಯ ಕಾನೂನಿಗೆ ಇದು ಕಂಡದ್ದು ಅಪರಾಧವಾಗಿ. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಒಳಗಿನ ಪೋಡುಗಳನ್ನೂ ಎಬ್ಬಿಸಲಾಯಿತು, ಬೆಂಕಿಯೂ ನಿಂತಿತು. ಆಮೇಲೆ ಹಬ್ಬಿದ್ದು ಲಂಟಾನ. ಅಂದಕ್ಕೆಂದು ಬ್ರಿಟಿಷರೇ ಕಲ್ಕತ್ತೆಯ ತೋಟಕ್ಕೆ ತರಿಸಿದ, ಅಮೆರಿಕ ಮೂಲದ ಪೊದೆಗಿಡ ಅದು. 1997ರಿಂದ 2008ರ ನಡುವೆ ಈ ಬೆಟ್ಟದಲ್ಲಿ ಅದು ಹಲವು ಪಟ್ಟು ಹೆಚ್ಚಿದ್ದನ್ನು ಸಂಶೋಧಕರು ಅಳೆದು ತೋರಿಸಿದ್ದಾರೆ. ಹಾಗೆಂದು ಈಗಲೇ ಕಡ್ಡಿ ಗೀರಿ ಎಂದು ನಾನು ಹೇಳುತ್ತಿಲ್ಲ. ಆಳೆತ್ತರದ ಲಂಟಾನಕ್ಕೆ ಬೆಂಕಿ ಬಿದ್ದರೆ ಅದು ಮರದ ನೆತ್ತಿಗೇ ಏರುತ್ತದೆ. ಮೊದಲು ಕಡಿದು ತೆಗೆಯಬೇಕು. ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ಸೋಲಿಗರಷ್ಟು ಚೆನ್ನಾಗಿ ಯಾರೂ ಹೇಳಲಾರರು.

ಸಾಗುವಳಿ ಕಾಣದ ನೆಲವೆಲ್ಲ ಪಾಳು, ಪಾಳು ನೆಲವೆಲ್ಲ ಸರ್ಕಾರದ್ದು ಎಂಬುದು ಅಂದಿನ ಬ್ರಿಟಿಷ್ ಆಡಳಿತದ ಲೆಕ್ಕಾಚಾರ. 1878ರ ಅರಣ್ಯ ಕಾಯ್ದೆಯ ಹೊತ್ತಿಗೆ ಬೇಡನ್-ಪೊವೆಲ್ ಎಂಬ ಅಧಿಕಾರಿ, ಸರ್ಕಾರ ಬರೆದುಕೊಟ್ಟದ್ದು ಮಾತ್ರ ಹಕ್ಕು, ಮಿಕ್ಕಿದ್ದೆಲ್ಲ ಬರೀ ರಿಯಾಯಿತಿ ಎಂದು ವಾದಿಸಿ ಗೆದ್ದ. ಅದಕ್ಕೂ ಮೊದಲೇ ಮದ್ರಾಸಿನ ರೆವಿನ್ಯೂ ಬೋರ್ಡು, ನಮ್ಮ ಪ್ರಾಂತ್ಯದಲ್ಲಿ ಯಾವುದೋ ಊರಿನ ಎಲ್ಲೆಯೊಳಗೆ ಸೇರದ ಕಾಡೇ ಇಲ್ಲವೆನ್ನಬಹುದು ಎಂದು ತಕರಾರು ಎತ್ತಿತ್ತು. ನಮ್ಮ ಕೊಳ್ಳೇಗಾಲ ಆಗ ಅದೇ ಮದ್ರಾಸಿಗೆ ಸೇರಿತ್ತು. ಆ ದನಿಯನ್ನು ಯಾರೂ ಕೇಳಲಿಲ್ಲ.

ಎಲ್ಲೆ ಎಂದರೆ ನಮಗೆ ಬದು, ಸರ್ವೆ ಕಲ್ಲು. ಸೋಲಿಗರ ಬಾಯಲ್ಲಿ ಅದು ಒಂದು ಕುಲಕ್ಕೆ ಸೇರಿದ ಇಡೀ ನೆಲ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಅವರು ಪೂಜಿಸುವ ತಾವುಗಳೆಲ್ಲ ಇರುತ್ತವೆ. ಇಂಥ ತಾವುಗಳನ್ನು ಅವರೇ ಸಂಶೋಧಕರ ಜೊತೆ ನಡೆದು ನಕ್ಷೆಯಲ್ಲಿ ಗುರುತಿಸಿದ್ದಾರೆ, ನೂರಾರಿವೆ. ಭಾರ್ಗವಿ ಹೊಳೆಯ ದಂಡೆಯ ದೊಡ್ಡ ಸಂಪಿಗೆ ಅವರಿಗೆ ಮರವಷ್ಟೇ ಅಲ್ಲ, ದೇವರು. ಬೆಟ್ಟದ ರಂಗನಾಥ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ಅವನು ಅವರಿಗೆ ಭಾವ. ದೇವರನ್ನೇ ಭಾವ ಎಂದು ಕರೆಯುವವರ ನೆಲವನ್ನು ಪಾಳು ಎಂದು ಬರೆದುಕೊಳ್ಳಲು ಕೈ ಹೇಗೆ ಬಂತೋ!

ಸೋಲಿಗರನ್ನು ಕಾಡಿನ ಮುಗ್ಧ ಮಕ್ಕಳು ಎಂದು ಹೊಗಳುವುದೂ ನನಗೆ ಸರಿಕಾಣದು. ಯಾವ ಇಳಿಜಾರಿಗೆ ಯಾವಾಗ ಬೆಂಕಿ ಇಡಬೇಕು, ಹೆಜ್ಜೇನಿನಲ್ಲಿ ಎಷ್ಟು ಬಿಟ್ಟು ಎಷ್ಟು ತೆಗೆಯಬೇಕು ಎಂಬುದು ತಲೆಮಾರುಗಳು ಕಲಿತು ಕಲಿಸಿದ ವಿದ್ಯೆ.

2006ರ ಅರಣ್ಯ ಹಕ್ಕು ಕಾಯ್ದೆ ತನ್ನ ಪೀಠಿಕೆಯಲ್ಲೇ ಕಾಡಿನ ಜನರಿಗೆ ಆದದ್ದು ಚಾರಿತ್ರಿಕ ಅನ್ಯಾಯ ಎಂದು ಒಪ್ಪಿಕೊಂಡಿದೆ. ಅದೇ ಕಾಯ್ದೆಯಡಿ 2011ರಲ್ಲಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದದ್ದೂ ಅದೇ ವರ್ಷ. ಕಾನೂನು ಇಷ್ಟು ದೂರ ಬಂದಿರುವಾಗ ನಮ್ಮ ಮಾತು ಇನ್ನೂ 1878ರಲ್ಲೇ ನಿಂತಿರುವುದು ನನ್ನ ಸಂಕಟ.

ನಿಮ್ಮಲ್ಲಿ ನನ್ನದು ಒಂದೇ ವಿನಂತಿ. ಮುಂದಿನ ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದಾಗ "ಕಿಡಿಗೇಡಿಗಳ ಕೃತ್ಯ" ಎಂದು ಬರೆಯುವ ಮುನ್ನ ನಿಮ್ಮ ವರದಿಗಾರರನ್ನು ಹತ್ತಿರದ ಪೋಡಿಗೆ ಒಮ್ಮೆ ಕಳಿಸಿ. ಅಲ್ಲಿನ ಹಿರಿಯರು ಏನನ್ನುತ್ತಾರೆ ಎಂಬುದನ್ನೂ ಅಚ್ಚು ಮಾಡಿ.

ಇಂತಿ ನಮಸ್ಕಾರಗಳು,
ನಿವೃತ್ತ ಶಿಕ್ಷಕ, ಯಳಂದೂರು