ಪರ್ವತಾರೋಹಿಗಳ ಉಪನ್ಯಾಸ: ಮಕ್ಕಳ ಪ್ರಶ್ನೆಗೆ ವೇಳೆ ಇರಲಿ

ಮಾನ್ಯ ಸಂಪಾದಕರೆ,

ಹೋದ ತಿಂಗಳು ಧಾರವಾಡದ ಸಭಾಂಗಣವೊಂದರಲ್ಲಿ ಎವರೆಸ್ಟ್ ಏರಿ ಬಂದ ಪರ್ವತಾರೋಹಿಯೊಬ್ಬರ ಉಪನ್ಯಾಸವಿತ್ತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು ನಾನು. ಗೋಡೆಯ ನಕಾಶೆಯ ಮೇಲೆ ಕೋಲಿಟ್ಟು ಹಿಮಾಲಯ ತೋರಿಸಿದ್ದೇನೆ, ಆ ಹಿಮ ತುಳಿದು ಬಂದವರನ್ನು ಮಾತ್ರ ಹತ್ತಿರದಿಂದ ಕಂಡಿರಲಿಲ್ಲ. ಹತ್ತೂವರೆಯ ಕಾರ್ಯಕ್ರಮಕ್ಕೆ ಹತ್ತಕ್ಕೇ ಹೋಗಿ ಕೂತೆ. ಸುತ್ತಲಿನ ಹಳ್ಳಿಗಳ ಸರ್ಕಾರಿ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದು ಹಿಂದಿನ ಸಾಲುಗಳಲ್ಲಿ ಕೂಡಿಸಿದ್ದರು.

ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸುವುದು, ವೇದಿಕೆಯ ಮೇಲಿದ್ದ ಎಂಟೂ ಮಂದಿಗೆ ಶಾಲು-ಹಾರ, ಆಮೇಲೆ ಮೂವರ ಭಾಷಣ. ಅತಿಥಿಯ ಕೈಗೆ ಮೈಕು ಬರುವ ಹೊತ್ತಿಗೆ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಅವರು ಇಂಗ್ಲಿಷಿನಲ್ಲಿ ಲಗುಲಗು ಮಾತಾಡಿ, ಪರದೆಯ ಮೇಲೆ ಚಿತ್ರ ಓಡಿಸಿ, ಅರ್ಧ ತಾಸಿನಲ್ಲಿ ಮುಗಿಸಬೇಕಾಯಿತು. ಆಗ ಹಿಂದಿನ ಸಾಲಿನಿಂದ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಅಷ್ಟ್ ಮ್ಯಾಲೆ ಅನ್ನ ಹೆಂಗ ಮಾಡ್ಕೋತೀರ್ರಿ?" ಮುಂದಿನ ಸಾಲಿನವರು ನಕ್ಕರು. ನಿರೂಪಕರು "ಟೈಮ್ ಆಗೇತಿ, ಕೂಡವ್ವಾ" ಎಂದು ಹೇಳಿ ವಂದನಾರ್ಪಣೆಗೆ ಕರೆದರು.

ನಗುವಂಥದ್ದು ಆ ಪ್ರಶ್ನೆಯಲ್ಲಿ ಏನಿತ್ತು? ಅಂದು ಪರ್ವತದ ಬಗ್ಗೆ ಸಭೆಯಲ್ಲಿ ಯಾರಾದರೂ ಕೇಳಿದ್ದು ಅದೊಂದೇ. ಎವರೆಸ್ಟಿನ ಎತ್ತರ 8848.86 ಮೀಟರ್ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆ ಅಂಕಿ ಮನುಷ್ಯನ ಮೈಗೆ ಏನು ಮಾಡುತ್ತದೆ ಎಂಬುದು ಅನ್ನದ ಪ್ರಶ್ನೆಯಿಂದಲೇ ಬಿಚ್ಚಿಕೊಳ್ಳುತ್ತದೆ. ಶಿಖರದಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ನಮ್ಮೂರಿನಷ್ಟೇ, ನೂರಕ್ಕೆ 21. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಒಂದು ಪಾಲಿಗೆ ಇಳಿದಿರುತ್ತದೆ. ಹೀಗಾಗಿ ಒಂದೊಂದು ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕವೂ ಮೂರನೇ ಒಂದು ಪಾಲೇ. ಒತ್ತಡ ಇಳಿದ ಕಾರಣಕ್ಕೇ ಅಲ್ಲಿ ನೀರು ಸುಮಾರು 70 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಕುದಿಸಿದರೂ ಅಕ್ಕಿ ಅಕ್ಕಿಯಾಗಿಯೇ ಉಳಿಯುತ್ತದೆ. ನೇಪಾಳದ ಕಡೆಯ ಬೇಸ್ ಕ್ಯಾಂಪ್, ಅಂದರೆ ಆರೋಹಿಗಳ ತಳಬೀಡು, ಇರುವುದು 5,364 ಮೀಟರ್ ಎತ್ತರದಲ್ಲಿ. ಅಲ್ಲಿಯೇ ಅಡುಗೆಗೆ ಪ್ರೆಶರ್ ಕುಕ್ಕರ್ ಬೇಕು. ಅದಕ್ಕೂ ಮೇಲೆ ಕುಡಿಯುವ ನೀರನ್ನೂ ಗ್ಯಾಸ್ ಒಲೆಯ ಮೇಲೆ ಹಿಮ ಕರಗಿಸಿ ಮಾಡಿಕೊಳ್ಳಬೇಕು. ಒಲೆಯ ಮುಂದೆ ತಾಸುಗಟ್ಟಲೆ ಕೂಡುವುದೇ ಒಂದು ಕೆಲಸ. ಒಂದು ಹುಡುಗಿ ತನ್ನ ಮನೆಯ ಒಲೆಯಿಂದ ಎವರೆಸ್ಟಿನ ತನಕ ದಾರಿ ಕಂಡುಕೊಂಡಿದ್ದಳು. ನಾವು ಅವಳನ್ನು ಕೂಡಿಸಿಬಿಟ್ಟೆವು.

ಆ ಪರ್ವತಾರೋಹಿ ಮಾತ್ರ ಅವಳನ್ನು ಮರೆತಿರಲಿಲ್ಲ. ಊಟಕ್ಕೆ ಕರೆದೊಯ್ಯಲು ಕಾರು ನಿಂತಿತ್ತು. ಅವರು ಅವಳನ್ನು ಹುಡುಕಿ ಕರೆದು, ಅಂಗಳದ ಬೇವಿನ ಮರದ ಕೆಳಗೆ ಮೊಣಕಾಲೂರಿ ಕೂತು ಹಿಂದಿಯಲ್ಲಿ ಹೇಳತೊಡಗಿದರು. ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತ ಹೋದೆ. ನೋಡನೋಡುತ್ತ ಮೂವತ್ತು-ನಲವತ್ತು ಮಕ್ಕಳು ಸುತ್ತುವರಿದರು. ಅಲ್ಲಿ ಹಸಿವೆ ಆಗತೈತೇನ್ರಿ? ಕಾಲು ಮರಗಟ್ಟಿದ್ದು ಹೆಂಗ ಗೊತ್ತಾಗತೈತ್ರಿ? ನಿಮಗ ಅಂಜಿಕಿ ಆಗಿತ್ತೇನ್ರಿ? ಮೊದಲ ಸಲ ಹೋದಾಗ ಗಾಳಿ ಎದ್ದು, ಶಿಖರ ಕಣ್ಣಿಗೆ ಕಾಣುತ್ತಿದ್ದರೂ ತಿರುಗಿ ಬಂದೆ, ಆ ರಾತ್ರಿ ಡೇರೆಯಲ್ಲಿ ಅತ್ತೆ ಎಂದರು ಅವರು. ಈ ಮಾತು ವೇದಿಕೆಯ ಮೇಲೆ ಬಂದಿರಲೇ ಇಲ್ಲ. ಹದಿನೈದು ನಿಮಿಷವಾಗಿರಬಹುದು, ಬಸ್ಸಿನ ಹಾರ್ನ್ ಆಯಿತು, ಮಕ್ಕಳು ಓಡಿದರು. ನನ್ನ ಮಟ್ಟಿಗೆ ಅಂದಿನ ಉಪನ್ಯಾಸ ಆ ಹದಿನೈದು ನಿಮಿಷ.

ಧಾರವಾಡ ಕೇಳುವುದನ್ನು ಬಲ್ಲ ಊರು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಇಂದಿಗೂ ಜನ ಸಂಜೆ ಬಂದು ಕೂತು ಉಪನ್ಯಾಸ ಕೇಳುತ್ತಾರೆ. ಸಂಗೀತದ ಬೈಠಕ್ಕಿನಲ್ಲಿ ನಾವು ಕೊನೆಯ ಭೈರವಿ ರಾಗ ಆಗುವ ತನಕ ಏಳುವವರಲ್ಲ. ನಿಧಾನಗತಿಯ ವಿಲಂಬಿತ ಈಗಷ್ಟೇ ಬೆಳೆಯುತ್ತಿರುವಾಗ ಯಾರಾದರೂ ಬಂದು ಗವಾಯಿಗಳಿಗೆ ಹಾರ ಹಾಕಿ ಎಬ್ಬಿಸಿದರೆ ಸುಮ್ಮನಿರುತ್ತೇವೆಯೇ? ಪರ್ವತಾರೋಹಿಗೂ ವಿಲಂಬಿತಕ್ಕೆ ವೇಳೆ ಬೇಕು. ಎರಡು ತಿಂಗಳ ಏರಾಟವನ್ನು ಅರ್ಧ ತಾಸಿಗೆ ಇಳಿಸಿದರೆ ಉಳಿಯುವುದು ಶಿಖರದ ಮೇಲೆ ಬಾವುಟ ಹಿಡಿದ ಚಿತ್ರ ಒಂದೇ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ತಿರುಗಿ ಬಂದವರ ಕಥೆ ಬಿಟ್ಟುಹೋಗುವುದು. 1953ರ ಮೇ 29ರಂದು ತೇನ್ಸಿಂಗ್ ಮತ್ತು ಹಿಲರಿ ಶಿಖರ ಮುಟ್ಟಿದರು ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಮೂರು ದಿನ ಮೊದಲು, ಅದೇ ತಂಡದ ಟಾಮ್ ಬೊರ್ಡಿಲನ್ ಮತ್ತು ಚಾರ್ಲ್ಸ್ ಇವಾನ್ಸ್ ದಕ್ಷಿಣ ಶಿಖರದ ತನಕ ಹೋಗಿದ್ದರು. ತುದಿ ಇನ್ನು ಸುಮಾರು 300 ಅಡಿ ಇತ್ತು. ಆಮ್ಲಜನಕದ ಉಪಕರಣ ಕೈಕೊಟ್ಟಿತ್ತು, ಹೊತ್ತೂ ಮೀರಿತ್ತು. ಅವರು ಇಳಿದು ಬಂದರು. ತೇನ್ಸಿಂಗ್ ಕೂಡ 1935ರಲ್ಲಿ ಹೊರೆ ಹೊರುವ ಆಳಾಗಿ ಮೊದಲ ಸಲ ಎವರೆಸ್ಟಿಗೆ ಹೋದವರು. 1952ರಲ್ಲಿ ಸ್ವಿಸ್ ತಂಡದ ಲ್ಯಾಂಬರ್ಟ್ ಜೊತೆ 8,500 ಮೀಟರ್ ದಾಟಿ ಹೋಗಿ ತಿರುಗಿದ್ದರು. ನಮ್ಮ ದೇಶದ ತಂಡ 1960ರಲ್ಲಿ ಶಿಖರಕ್ಕೆ ಸುಮಾರು 700 ಅಡಿ ಕೆಳಗಿನಿಂದ, 1962ರಲ್ಲಿ 400 ಅಡಿ ಕೆಳಗಿನಿಂದ ಮರಳಿತು. ಆ ಎರಡನೇ ಸಲ ಮರಳಿದವರಲ್ಲಿ ಒಬ್ಬರಾಗಿದ್ದ ಮೋಹನ್ ಸಿಂಗ್ ಕೊಹ್ಲಿ ಅವರೇ 1965ರಲ್ಲಿ ನಾಯಕರಾಗಿ ಒಂಬತ್ತು ಮಂದಿಯನ್ನು ಶಿಖರ ಹತ್ತಿಸಿದರು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಎಂಥ ಸುದ್ದಿ ಓದುತ್ತೇವೋ ನೆನೆಸಿಕೊಂಡರೆ, ಈ ಕಥೆ ನಮ್ಮ ಮಕ್ಕಳಿಗೆ ಎಷ್ಟು ಬೇಕಾಗಿದೆ ಎಂದು ಕರುಳು ಚುರ್ರೆನ್ನುತ್ತದೆ.

ಇದು ಜೀವದ ಮಾತೂ ಹೌದು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋದ ತಂಡದ ಒಂಬತ್ತು ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಈಗ ಹುಬ್ಬಳ್ಳಿ-ಧಾರವಾಡದಿಂದಲೂ ಹುಡುಗರು ಗುಂಪು ಕಟ್ಟಿಕೊಂಡು ಹಿಮಾಲಯಕ್ಕೆ ಹೋಗುತ್ತಿದ್ದಾರೆ, ಹೋಗಲಿ. ಆದರೆ ಮೋಡ ಹೇಗೆ ಕಟ್ಟುತ್ತದೆ, ಯಾವ ತಲೆನೋವಿಗೆ ಕೂಡಲೇ ಕೆಳಗಿಳಿಯಬೇಕು ಎಂಬುದನ್ನು ಅನುಭವಿಗಳ ಬಾಯಿಂದ ಕೇಳಿ ಹೋಗಲಿ.

ಶೆರ್ಪಾಗಳ ಹೆಸರೂ ಅಂದು ಬರಲಿಲ್ಲ. ಬೇಸ್ ಕ್ಯಾಂಪಿನ ಮೇಲೆ ಬಿರುಕುಬಿಟ್ಟ ಹಿಮಗಡ್ಡೆಗಳ ಖುಂಬು ಇಳಿಜಾರಿನಲ್ಲಿ ಏಣಿ ಹಾಸಿ, ಹಗ್ಗ ಕಟ್ಟಿ, ಉಳಿದವರಿಗೆ ದಾರಿ ಮಾಡುವವರು ಅವರು. 2014ರ ಏಪ್ರಿಲ್ 18ರಂದು ಅಲ್ಲಿ ಹಿಮಕುಸಿತವಾಗಿ ಸತ್ತ 16 ಮಂದಿಯೂ ನೇಪಾಳದ ದುಡಿಮೆಗಾರರೇ. ಹಮಾಲರ ಬೆನ್ನಿನ ಕಸುವು ಏನೆಂದು ಹುಬ್ಬಳ್ಳಿಯ ಎಪಿಎಂಸಿ ಕಂಡ ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶೆರ್ಪಾಗಳ ಸುದ್ದಿ ತೆಗೆದರೆ ಸಾಕು.

ಸಂಘಟಕರಲ್ಲಿ ನನ್ನ ಕೋರಿಕೆ ಇಷ್ಟು. ಹಾರ-ಶಾಲು ಹತ್ತು ನಿಮಿಷದಲ್ಲಿ ಮುಗಿಯಲಿ. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂಡಿಸಿ. ಮಾತಿಗೆ ಎಷ್ಟು ವೇಳೆಯೋ ಪ್ರಶ್ನೆಗೂ ಅಷ್ಟೇ ವೇಳೆ ಇಡಿ. ಹಗ್ಗ, ಬೂಟು, ಹಿಮಗೊಡಲಿ ಮಕ್ಕಳ ಕೈಗೆ ಸಿಗಲಿ, ಭಾರ ಎತ್ತಿ ನೋಡಲಿ. ಆಸೆ ಹುಟ್ಟಿದ ಮಕ್ಕಳಿಗೆ ಮುಂದಿನ ದಾರಿಯನ್ನೂ ಹೇಳಿ ಕಳಿಸಿ. ಡಾರ್ಜಿಲಿಂಗ್ ಮತ್ತು ಉತ್ತರಕಾಶಿಯ ಸಂಸ್ಥೆಗಳಲ್ಲಿ 28 ದಿನಗಳ ಪ್ರಾಥಮಿಕ ಪರ್ವತಾರೋಹಣ ತರಬೇತಿ ಇದೆ, ಎನ್‌ಸಿಸಿ ಮೂಲಕವೂ ಹೋಗಲು ಅವಕಾಶವಿದೆ. ಬಾದಾಮಿಯ ಕೆಂಪು ಕಲ್ಲಿನ ಗೋಡೆಗಳನ್ನು ಹತ್ತಲು ದೇಶದ ಮೂಲೆಮೂಲೆಯಿಂದ ಆರೋಹಿಗಳು ಬರುತ್ತಾರೆ. ಹುಬ್ಬಳ್ಳಿಯಿಂದ ನೂರು ಕಿಲೋಮೀಟರ್ ಆಸುಪಾಸಿನ ಊರು ಅದು. ನಮ್ಮ ಮಕ್ಕಳು ಪ್ರವಾಸಕ್ಕೆಂದು ಹೋಗಿ ಗುಹೆ ನೋಡಿ, ಅಗಸ್ತ್ಯತೀರ್ಥದ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು ಬರುತ್ತಾರೆ. ಆ ಬಂಡೆಗಳನ್ನು ಹತ್ತುವವರೂ ಇದ್ದಾರೆಂದು ಅವರಿಗೆ ಹೇಳಿದವರಿಲ್ಲ.

ಇಂಗ್ಲಿಷ್, ಹಿಂದಿ ಮಾತಾಡುವ ಅತಿಥಿ ಬಂದರೆ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುವವರೊಬ್ಬರು ಇರಲೇಬೇಕು. ಅವಳಿ ನಗರದಲ್ಲಿ, ಗದಗ-ಹಾವೇರಿಯಲ್ಲಿ ಯಾರೇ ಇಂಥ ಕಾರ್ಯಕ್ರಮ ಇಟ್ಟುಕೊಂಡರೂ ಆ ಕೆಲಸಕ್ಕೆ ನಾನು ನನ್ನ ಖರ್ಚಿನಲ್ಲೇ ಬರುತ್ತೇನೆ. ನನ್ನ ವಿಳಾಸ ಪತ್ರಿಕೆಯ ಕಚೇರಿಯಲ್ಲಿದೆ.

– ನಿವೃತ್ತ ಭೂಗೋಳ ಶಿಕ್ಷಕಿ, ಮಾಳಮಡ್ಡಿ, ಧಾರವಾಡ